ಸಾಕಮ್ಮನ ಒನ್ಸ್ ಮೋರ್

ಹೂಟಗಳ್ಳಿಯ ಒಂದು ಖಾಸಗಿ ಶಾಲೆಯ ಗೇಟಿನೆದುರಿಗೆ ನನ್ನ ಪುಸ್ತಕದ ಅಂಗಡಿ. ಅಲ್ಲಿ ಪೆನ್ನಿಗಿಂತ ಸುದ್ದಿ ಹೆಚ್ಚು ಖರ್ಚಾಗುತ್ತದೆ, ಲಾಭವಿಲ್ಲ, ಅಷ್ಟೆ. ಗೇಟು ಕಾಯುವ ಆಯಾ ಸಾಕಮ್ಮ ಒಮ್ಮೆ ‘ಶ್!’ ಎಂದರೆ ಮಕ್ಕಳಿರಲಿ, ರಸ್ತೆಯ ಆಟೋದವನೂ ಹಾರನ್ನಿನಿಂದ ಕೈ ತೆಗೆಯುತ್ತಾನೆ.

ಪ್ರತಿ ವರ್ಷ ಪ್ರವಾಸದ ಬಸ್ಸು ಹೊರಡುತ್ತಿತ್ತು, ಸಾಕಮ್ಮ ಕೈಬೀಸಿ ಗೇಟು ಹಾಕುತ್ತಿದ್ದಳು. “ಬೇಲೂರು ನೋಡಿದೀಯಾ ಸಾಕಮ್ಮ?” ಎಂದು ಕೆಣಕಿದರೆ, “ಬೇಲೂರಿಗೆ ಹೋಗೋ ಬಸ್ಸಿನ ಬೆನ್ನು ನೋಡಿದೀನಿ ಸಾವ್ಕಾರ್ರೇ” ಎನ್ನುತ್ತಿದ್ದಳು.

ಈ ಸಲ ಎಂಟನೇ ತರಗತಿಯವರಿಗೆ ಪೇಟೆಯಲ್ಲಿ ನಾಟಕ. ಕಂಪನಿ ಕಾಲದ ಹಳೆಯ ಪೌರಾಣಿಕ, ಹಾರ್ಮೋನಿಯಂ ಸಮೇತ. ಹೆಡ್‌ಮಾಸ್ಟರ್ ವೆಂಕಟಸುಬ್ಬಯ್ಯನವರಿಗೆ ಸಂಭ್ರಮಕ್ಕಿಂತ ದಿಗಿಲು. ಇದೇ ಮಕ್ಕಳು ಹಿಂದೊಮ್ಮೆ ಸಂಗೀತ ಕಚೇರಿಯಲ್ಲಿ ಆಲಾಪನೆಗೆ ನರಿಗಳಂತೆ ದನಿಗೂಡಿಸಿದ್ದವು.

“ಸಾಕಮ್ಮ, ನೀವೂ ಬನ್ನಿ,” ಎಂದರು. “ಸದ್ದು ಬರದ ಹಾಗೆ ನೋಡ್ಕೊಂಡ್ರೆ ಇನ್ಮೇಲೆ ಎಲ್ಲ ಪ್ರವಾಸಕ್ಕೂ ನೀವೇ. ಗಲಾಟೆ ಆಯ್ತೋ, ಮತ್ತೆ ಗೇಟೇ ಗತಿ.”

ಮಕ್ಕಳ ಬಿಸ್ಕತ್ತು ನನ್ನ ಅಂಗಡಿಯದಾದ್ದರಿಂದ ನನಗೂ ಒಂದು ಸೀಟು ಸಿಕ್ಕಿತು. ಪುಕ್ಕಟೆ ಸಿಗುವ ಕಲೆಯ ಮೇಲೆ ನನಗೆ ಮೊದಲಿನಿಂದಲೂ ಗೌರವ.

ಬಸ್ಸಿನಲ್ಲಿ ಮಾಲವಿಕಾ ಎಂಬ ಚೂಟಿ ಹುಡುಗಿ ಕೇಳಿದಳು: “ಆಯಮ್ಮ, ನೀವು ನಾಟಕ ನೋಡಿದೀರಾ?”

“ನೋಡಿದೀರಾ ಅಂತಾಳಲ್ಲ! ನಮ್ಮೂರಲ್ಲಿ ನಮ್ಮಣ್ಣ ಬೀರೇಶಂದೇ ರಾಜನ ಪಾರ್ಟು ಕಣಮ್ಮ. ಪದ ಹಾಡ್ಕೊಂಡು ಸಾಯೋನು. ಜನ ‘ಒನ್ಸ್ ಮೋರ್’ ಅನ್ನೋರು. ಎದ್ದು, ಇನ್ನೊಂದ್ಸತಿ ಹಾಡಿ, ಇನ್ನೊಂದ್ಸತಿ ಸಾಯೋನು. ಒಂದೇ ಸತಿ ಸತ್ತು ಬಂದ ದಿನ ಅವಮಾನ ಆಯ್ತು ಅಂತ ಉಣ್ತಾನೇ ಇರ್ಲಿಲ್ಲ.”

“ನಾವೂ ಕೂಗಬೋದಾ?”

“ಬಾಯಿ ಬುಟ್ರೆ ಬಿಸ್ಕತ್ತು ಕಿತ್ಕೊಂಬುಡ್ತೀನಿ!”

ನಾಟಕ ಶುರುವಾಯಿತು. ಸಾಕಮ್ಮ ಸಾಲಿನ ತುದಿಯಲ್ಲಿ, ರಂಗಕ್ಕೆ ಬೆನ್ನು ಹಾಕಿ, ಮಕ್ಕಳನ್ನೇ ನುಂಗುವಂತೆ ನೋಡುತ್ತ ಕುಳಿತಳು. ಒಂದು ಕೆಮ್ಮೂ ಇಲ್ಲ. ಹೆಡ್‌ಮಾಸ್ಟರ್ ಮುಖದಲ್ಲಿ ಅಪರೂಪದ ಶಾಂತಿ. ಆದರೆ ಮೊದಲ ಪದ್ಯಕ್ಕೆ ಸಾಕಮ್ಮನ ಕಿವಿ ತಿರುಗಿತು, ಎರಡನೆಯದಕ್ಕೆ ಕತ್ತು, ಯುದ್ಧದ ಹೊತ್ತಿಗೆ ಇಡೀ ಸಾಕಮ್ಮ.

ರಾಜನ ಪಾತ್ರಧಾರಿ ಮೃತ್ಯುಂಜಯ ಎಂಬ ಹಳೆಯ ನಟ. ಎದೆಗೆ ಬಾಣ ನಾಟಿಸಿಕೊಂಡು, ಹೆಂಡತಿಯನ್ನು ನೆನೆದು ಹಾಡುತ್ತ ಹಾಡುತ್ತ ಕುಸಿದ. ಸಭಾಂಗಣ ಸ್ತಬ್ಧ.

“ಒನ್ಸ್ ಮೋರ್!”

ಆ ಗಂಟಲು ನನಗೆ ಗೊತ್ತು. ಸಾಕಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು; ಕೂಗು ಆಗಲೇ ರಂಗ ತಲುಪಿತ್ತು. ಮುಂದಿನ ಸಾಲಿನಿಂದ ಹೆಡ್‌ಮಾಸ್ಟರ್ ತಲೆ ಹಿಂದಕ್ಕೆ ತಿರುಗತೊಡಗಿತು. ಅದು ಪೂರ್ತಿ ತಿರುಗುವ ಮೊದಲೇ ಮಾಲವಿಕಾ ಎದ್ದು ನಿಂತು ಕಿರುಚಿದಳು: “ಒನ್ಸ್ ಮೋರ್!” ಅವಳ ಹಿಂದೆ ಇಡೀ ಎಂಟನೇ ತರಗತಿ. ಬಿಸ್ಕತ್ತಿನ ಆಸೆ ಬಿಟ್ಟು ಮಕ್ಕಳು ಒಂದು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸತ್ತ ರಾಜ ಒಂದು ಕಣ್ಣು ತೆರೆದ. ಹಾರ್ಮೋನಿಯಂನವನು ಮೆಲ್ಲಗೆ ಶ್ರುತಿ ಹಿಡಿದ. ಮೃತ್ಯುಂಜಯ ಹೆಸರು ಉಳಿಸಿಕೊಂಡ; ಎದ್ದ, ಬಾಣ ಸರಿಮಾಡಿಕೊಂಡ, ಹಾಡಿದ, ಮತ್ತೆ ಸತ್ತ. ಎರಡನೆಯ ಸಾವು ಮೊದಲನೆಯದಕ್ಕಿಂತ ಚೆನ್ನಾಗಿತ್ತು.

ಹೊರಗೆ ಬಸ್ಸಿನ ಬಳಿ ವಿಚಾರಣೆ. “ಮೊದಲು ಕೂಗಿದ್ದು ಯಾರು?”

“ನಾನು ಸಾರ್,” ಎಂದಳು ಮಾಲವಿಕಾ. “ನಾನು ಸಾರ್,” ಎಂದ ಅಭಿನವ. ಮಕ್ಕಳೆಲ್ಲರ ಕೈಯೂ ಮೇಲೆ.

ಸಾಕಮ್ಮ ಸೆರಗು ಬಿಗಿಮಾಡಿಕೊಂಡು ಮುಂದೆ ಬಂದಳು. “ಮಕ್ಳದೇನೂ ತಪ್ಪಿಲ್ಲ ಸಾ. ಕೂಗಿದ್ದು ನಾನೇ. ಗೇಟ್‌ಗೇ ಹೋಯ್ತೀನಿ, ಬುಡಿ.”

ಹೆಡ್‌ಮಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. “ನೋಡ್ರೋ, ನಿಮ್ಮ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ತಿದಾರೆ! ಇಂಥ ತಾಯಿ ಕರುಳು ಜೊತೆಗಿಲ್ಲದೆ ನಿಮ್ಮನ್ನ ಎಲ್ಲಿಗೂ ಕಳಿಸಲ್ಲ.”

“ಅಯ್ಯೋ ಸಾ, ನಿಜವಾಗ್ಲೂ ನಾನೇ...”

“ಸಾಕು ಸಾಕಮ್ಮ, ತುಂಬಾ ದೊಡ್ಡ ಮನಸ್ಸು ನಿಮ್ಮದು.”

ಅವಳು ದಿಕ್ಕು ತೋಚದೆ ನನ್ನ ಕಡೆ ನೋಡಿದಳು. ನಾನು ವ್ಯಾಪಾರಿ, ಸತ್ಯಕ್ಕೆ ಗಿರಾಕಿಯಿಲ್ಲದ ಕಡೆ ಅಂಗಡಿ ತೆರೆಯುವುದಿಲ್ಲ. ಬಿಸ್ಕತ್ತು ಹಂಚಿದೆ.

ಮುಂದಿನ ತಿಂಗಳು ಮೃಗಾಲಯವಂತೆ. ಹುಲಿ ಗರ್ಜಿಸಿದಾಗ ಆಯಮ್ಮ ಏನು ಕೂಗುತ್ತಾರೆಂದು ಮಕ್ಕಳು ಈಗಲೇ ಪಂದ್ಯ ಕಟ್ಟಿಕೊಂಡಿವೆ.