ಹೊಂಗಾರೆ ಮರದ ಮೀನುಗಳು

ನಾನು ಮದುವೆಯಾಗಿ ಹಣಕೋಣಕ್ಕೆ ಬಂದ ಎರಡನೆಯ ವರ್ಷ ನನ್ನ ಗಂಡನ ಬಲಗೈ ಕಬ್ಬಿನ ಗಾಣಕ್ಕೆ ಸಿಕ್ಕಿತು. ಅಂಕೋಲೆಯಲ್ಲಿ ಜನ ಉಪ್ಪು ಮಾಡಿ ಜೈಲಿಗೆ ಹೋಗಿ ಬಂದು ಆಗ ಮೂರೋ ನಾಲ್ಕೋ ವರ್ಷ ಕಳೆದಿತ್ತು. ಗಂಡ ಒಂದೂವರೆ ತಿಂಗಳು ಕಾರವಾರದ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಆ ಕೈಯಲ್ಲಿ ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದಿದ್ದವು.

ಗದ್ದೆ ಕೆಲಸ ಹೇಗೋ ನಡೆಯಿತು. ನೇಗಿಲ ಹಿಡಿಯನ್ನು ಎಡಗೈಯಲ್ಲಿ ಒತ್ತುವುದನ್ನು ಆ ಮಳೆಗಾಲದಲ್ಲೇ ಕಲಿತರು. ಆಗದೆ ಹೋದದ್ದು ಬೀಸುಬಲೆ. ಬಲೆಯ ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಎರಡೂ ಕೈಗೆ ಹಂಚಿಕೊಂಡು, ಮೈ ತಿರುಗಿಸಿ ಎಸೆದರೆ ಅದು ನೀರಿನ ಮೇಲೆ ಚಕ್ರದ ಹಾಗೆ ಬಿಚ್ಚಿಕೊಳ್ಳಬೇಕು. ನಮ್ಮ ಕೇರಿಯಲ್ಲಿ ಅವರಷ್ಟು ಅಗಲಕ್ಕೆ ಬಲೆ ಬೀಸುವವರು ಇರಲಿಲ್ಲ. ಕೈ ಮಾಯ್ದ ಮೇಲೆ ಒಂದು ಬೆಳಿಗ್ಗೆ ಹೊಳೆಗೆ ಹೋಗಿ ನಾಲ್ಕು ಸಲ ಎಸೆದರು. ನಾಲ್ಕು ಸಲವೂ ಬಲೆ ಮುದ್ದೆಯಾಗಿ ಬಿತ್ತು. ಅದನ್ನು ಹಿಂಡಿ ತಂದು ಮಾಡಿನ ಕೆಳಗೆ ತೂಗುಹಾಕಿದರು.

ಆಸ್ಪತ್ರೆಯಲ್ಲಿ ಅವರ ಪಕ್ಕದ ಮಂಚದಲ್ಲಿ ಒಬ್ಬ ಖಲಾಸಿ ಇದ್ದನಂತೆ. ಯಾರೋ ಸಾಹೇಬರ ಲಾಂಚಿನಲ್ಲಿ ಕೆಲಸ. ಸಾಹೇಬರು ಬಿಸಾಕಿದ ಒಂದು ಮರದ ಮೀನು ಅವನ ಪೆಟ್ಟಿಗೆಯಲ್ಲಿತ್ತು. ಹೊಟ್ಟೆಗೆ ಎರಡು ಗಾಳ, ಮೂತಿಗೆ ಒಂದು ತಗಡು. ದಾರ ಕಟ್ಟಿ ಎಳೆದರೆ ಅದು ಜೀವಂತ ಮೀನಿನ ಹಾಗೆ ಓಲಾಡುತ್ತದೆ, ದೊಡ್ಡ ಮೀನು ಅದನ್ನು ನುಂಗಲು ಬರುತ್ತದೆ. ನನ್ನ ಗಂಡ ಇದನ್ನು ಮನೆಗೆ ಬಂದು ಹೇಳಿದಾಗ ಅತ್ತೆ ನಕ್ಕಿದ್ದರು. ಗಂಡ ಮಾತ್ರ ಮರೆತಿರಲಿಲ್ಲ. ಬಲೆ ತೂಗುಹಾಕಿದ ಕೆಲವು ದಿನಕ್ಕೆ ಬೇಲಿಯ ಹೊಂಗಾರೆಯ ಕೊಂಬೆಯೊಂದನ್ನು ಕಡಿದು ಒಣಗಲು ಇಟ್ಟರು. ಹಗುರ ಮರ, ಕತ್ತಿಗೆ ಮೆತ್ತಗೆ ಸಿಗುತ್ತದೆ.

ಜಗಲಿಯಲ್ಲಿ ಕೂತು, ಮರದ ತುಂಡನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಎಡಗೈಯಲ್ಲಿ ಕೆತ್ತುತ್ತಿದ್ದರು. ಮೊದಲನೆಯದು ಬೆಂಡೆಕಾಯಿಯ ಹಾಗಿತ್ತು. ಎರಡನೆಯದು ಸೀಳಿತು. ಆರನೆಯದೋ ಏಳನೆಯದೋ ಮೀನಾಯಿತು. ನಮ್ಮ ಹೊಳೆಯಲ್ಲಿ ಗುಂಪುಗುಂಪಾಗಿ ಓಡಾಡುವ ಶೇವಟೆ ಮೀನಿನ ಮರಿಯ ಆಕಾರ, ಗೇಣಿಗಿಂತ ಸ್ವಲ್ಪ ಕಡಿಮೆ. ಚಿಮಣಿ ಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ ಮೂತಿಗೆ, ಎರಡು ಗಾಳವನ್ನು ಹೊಟ್ಟೆಗೆ ಸಿಕ್ಕಿಸಿದರು. ನೀರಿನಲ್ಲಿ ಬಿಟ್ಟರೆ ಅದು ಅಂಗಾತ ಮಲಗಿತು. ಹೊಟ್ಟೆಗೆ ತೂಕ ಬೇಕಿತ್ತು.

“ಬಲೆ ತಕಬಾ,” ಅಂದರು.

“ಯಾವ ಬಲೆ?”

“ನಮ್ದೇ. ಅದ್ರ ಸೀಸ ಬಿಚ್ಚೂದದೆ.”

ಬಲೆಯ ಅಂಚಿಗೆ ಸುತ್ತಲೂ ಸೀಸದ ಗುಂಡುಗಳಿದ್ದವು. ಅವನ್ನು ಬಿಚ್ಚಿದರೆ ಬಲೆ ಬಲೆಯಾಗಿ ಉಳಿಯುವುದಿಲ್ಲ.

“ಈಗೆಂತಕೆ? ಕೈ ಪೂರಾ ಸರಿ ಆದ್ಮೇಲೆ ಬೇಕಾಗ್ತದೆ,” ಅಂದೆ.

“ಬೆರಳು ಹುಟ್ತದ್ಯೆ ಮಾರಾಯ್ತಿ?”

ಸಿಟ್ಟಿನಿಂದ ಹೇಳಿದ್ದಲ್ಲ. ನಾನು ಬಲೆ ತಂದುಕೊಟ್ಟೆ. ಮೂರು ಗುಂಡುಗಳನ್ನು ತಾವೇ ಬಿಚ್ಚಿ, ಸೌಟಿನಲ್ಲಿ ಕರಗಿಸಿ, ಮೀನಿನ ಹೊಟ್ಟೆಯ ತೂತಿಗೆ ಹೊಯ್ದರು. ಅಷ್ಟು ಹೊತ್ತೂ ನಾನು ಬಲೆಯ ಕಡೆ ನೋಡದೆ ಒಲೆಯ ಕಡೆಯೇ ನೋಡುತ್ತ ನಿಂತಿದ್ದೆ.

ಬಣ್ಣದ ಕೆಲಸ ನನ್ನದಾಯಿತು. ಭಾವಿಕೇರಿಯ ನನ್ನ ಅಪ್ಪ ಗದ್ದೆ ಮಾಡುತ್ತಲೇ ಚೌತಿಗೆ ಮಣ್ಣಿನ ಗಣಪತಿಗಳನ್ನೂ ಮಾಡುವವನು. ಮದುವೆಯ ತನಕ ಪ್ರತಿ ವರ್ಷ ಗಣಪತಿಯ ಪೀತಾಂಬರ, ಇಲಿ, ಮೋದಕಗಳಿಗೆ ಬಣ್ಣ ಹಚ್ಚಿದವಳು ನಾನು. ಕಣ್ಣು ಮಾತ್ರ ಅಪ್ಪನೇ ಬರೆಯುತ್ತಿದ್ದ. ತವರಿನಿಂದ ತಂದ ಬಣ್ಣದ ಪುಡಿ ನನ್ನ ಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಮರವನ್ನು ಗರಗತ್ತಿ ಎಲೆಯಿಂದ ಉಜ್ಜಿ ನುಣುಪು ಮಾಡಿ, ಬಿಳಿ ಬಳಿದು, ಬೆನ್ನಿಗೆ ನೀಲಿ ಕಲಸಿದ ಬೂದು ಹಚ್ಚಿ, ಮೈತುಂಬ ಬಿಲ್ಲೆಬಿಲ್ಲೆಯಾಗಿ ಒಂದೊಂದೇ ಹುರುಪೆ ಬರೆದೆ. ಎರಡು ಮಧ್ಯಾಹ್ನ ಬೇಕಾದವು. ಅತ್ತೆ ಕೈಯಲ್ಲಿ ಹಿಡಿದು ನೋಡಿ, “ಬೆಕ್ಕಿಗೆ ತೋರ್ಸಬೇಡ,” ಅಂದರು.

ಮರುದಿನ ಗಂಡ ಹೊಳೆಗೆ ಹೋಗಿ ಅದನ್ನು ದಾರಕ್ಕೆ ಕಟ್ಟಿ ಎಳೆದು ನೋಡಿದರು. ಹತ್ತು ಮಾರು ಎಳೆಯುವಷ್ಟರಲ್ಲಿ ಬಣ್ಣವೆಲ್ಲ ತೊಳೆದುಹೋಗಿ ಬೋಳು ಮರ ಬಂತು.

ಮುಂದಿನ ವಾರ ತರಿಯ ದೋಣಿಯಲ್ಲಿ ಹೊಳೆ ದಾಟಿ, ಕಾರವಾರದಲ್ಲಿ ಮೋಟಾರು ಹತ್ತಿ ನಾನು ಭಾವಿಕೇರಿಗೆ ಹೋದೆ. ಅಪ್ಪ ಕೇಳಿ ನಕ್ಕ.

“ಗಣಪತಿ ಬಣ್ಣ ಕರಗ್ದೆ ಮತ್ತೆಂತ ಮಾಡ್ತದೆ ತಂಗೀ? ಅದು ನೀರಲ್ಲಿ ಕರಗೂಕೇ ಇರೂದು.”

“ಹಂಗಾರೆ ಕರಗದೇ ಇರೂದು ಕೊಡು.”

ಅಪ್ಪ ಗಾಣದ ಸುದ್ದಿ ಕೇಳಿ ಒಮ್ಮೆ ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತು ಹೋದವನು ಮತ್ತೆ ಅಳಿಯನನ್ನು ನೋಡಲು ಬಂದಿರಲಿಲ್ಲ.

“ಉಣ್ಣೂಕೆ ಯಾವ ಕೈ ಹಚ್ತ್ರು ಅವ್ರು?” ಎಂದು ಕೇಳಿದ.

“ಬಲಗೈನೇ. ಎರಡು ಬೆರಳಲ್ಲೇ ಉಣ್ತ್ರು. ಹೊತ್ತು ಹಿಡೀತದೆ, ಅಷ್ಟೆ.”

ಅಪ್ಪ ಎದ್ದು ಒಳಗೆ ಹೋದ. ಚಂದ್ರಸವೆಂಬ ಮರದ ಅಂಟನ್ನು ಅಗಸೆ ಎಣ್ಣೆಯಲ್ಲಿ ಕಾಯಿಸಿದ ವಾರ್ನಿಶಿನ ಶೀಶೆ ತಂದ. ಮರದ ಆಟಿಕೆಗಳಿಗೆ ಅವನು ಹಚ್ಚುತ್ತಿದ್ದದ್ದು ಅದನ್ನೇ. ಮೂರು ಕೈ ಬಳಿಯಬೇಕು, ಒಂದೊಂದು ಕೈಗೂ ಎರಡು ದಿನ ನೆರಳಲ್ಲಿ ಒಣಗಬೇಕು ಅಂದ. ಜೊತೆಗೆ ಗಣಪತಿಯ ಕಿರೀಟಕ್ಕೆ ಅಂಟಿಸುವ ಬೆಳ್ಳಿ ಬೇಗಡೆಯ ಹಾಳೆ ಕೊಟ್ಟ. “ಇದ್ನ ಹೊಟ್ಟೆಗೆ ಅಂಟ್ಸು. ಮೀನು ಹೊಳಿಯೂದು ಹೊಟ್ಟೇಲಿ.” ಕುಂಚ ಕೇಳಿದಾಗ ಮಾತ್ರ ಅಡ್ಡಡ್ಡ ತಲೆಯಾಡಿಸಿದ. “ದೇವ್ರ ಕಣ್ಣು ಬರೆಯೂ ಕುಂಚ ಕೊಡೂದಿಲ್ಲ. ಬೇರೆ ಮಾಡ್ಕೊಡ್ತೆ.” ಅಳಿಲಿನ ಕೂದಲು ಕಟ್ಟಿ ಹೊಸ ಕುಂಚ ಮಾಡಿಕೊಟ್ಟ. ಕಣ್ಣು ಹೇಗೆ ಬರೆಯಬೇಕೆಂದು ಮಡಕೆಯ ಚೂರಿನ ಮೇಲೆ ಮೂರು ಸಲ ತೋರಿಸಿದ. ಮೊದಲು ಹಳದಿ ಬೊಟ್ಟು, ಅದರೊಳಗೆ ಕಪ್ಪು, ಉಸಿರು ಬಿಗಿಹಿಡಿದು.

ಈ ಸಲದ ಮೀನು ರಾತ್ರಿಯಿಡೀ ನೀರಿನ ಕೊಡದಲ್ಲಿ ಬಿದ್ದಿದ್ದರೂ ಹಾಗೇ ಇತ್ತು.

ಒಂದೇ ಕೈಯಲ್ಲಿ ಹುಟ್ಟು ಹಾಕುತ್ತ ದಾರ ಹಿಡಿಯಲಾಗುವುದಿಲ್ಲವಾದ್ದರಿಂದ ದೋಣಿಯಲ್ಲಿ ಹುಟ್ಟಿಗೆ ನಾನೇ ಕೂತೆ. ಸೊಸೆ ಹುಟ್ಟು ಹಾಕುತ್ತಾಳೆ ಎಂದು ದಡದಲ್ಲಿ ಒಂದಿಬ್ಬರು ಮಾತಾಡಿಕೊಂಡರು. ಅತ್ತೆ ಅವರಿಗೆ, “ನೀವು ಬಂದು ಹಾಕ್ತ್ರ್ಯಾ?” ಎಂದು ಕೇಳಿದರಂತೆ. ಇಳಿತದ ಹೊತ್ತಿಗೆ ನೀರಿಗೆ ಬೇರು ಇಳಿಬಿಟ್ಟ ಕಾಂಡ್ಲ ಗಿಡಗಳ ಅಂಚಿನಲ್ಲಿ ಮೆಲ್ಲಗೆ ದೋಣಿ ನಡೆಸಿದೆ. ಹಿಂದೆ ಇಪ್ಪತ್ತು ಮಾರು ದೂರದಲ್ಲಿ ಮರದ ಮೀನು ಓಲಾಡುತ್ತ ಬರುತ್ತಿತ್ತು. ಮೊದಲ ಎರಡು ದಿನ ಏನೂ ಇಲ್ಲ.

ಮೂರನೆಯ ದಿನ ದಾರ ಒಮ್ಮೆಲೇ ಬಿಗಿಯಿತು. ಹಿಂದೆ ನೀರು ಒಡೆದು ದೊಡ್ಡ ಚೊಣಕ ಮೀನೊಂದು ಅರ್ಧ ಮೈ ಮೇಲೆ ಹಾರಿ ತಲೆ ಕೊಡವಿತು. ದಾರ ಅವರ ಎಡಗೈಯ ಚರ್ಮ ಕಿತ್ತುಕೊಂಡು ಓಡುತ್ತಿತ್ತು. ಬಲಗೈಯ ಎರಡು ಬೆರಳಲ್ಲಿ ತಡೆಯಲು ನೋಡಿದರು. ನಾನು ಹುಟ್ಟು ಬಿಟ್ಟು ಹಿಡಿಯಲು ಹೋಗುವಷ್ಟರಲ್ಲಿ ದಾರ ಕಾಂಡ್ಲದ ಬೇರಿಗೆ ಸುತ್ತಿ ಪಟ್ಟನೆ ತುಂಡಾಯಿತು. ಮೀನೂ ಹೋಯಿತು, ಎರಡು ವಾರದ ಕೆಲಸವೂ ಹೋಯಿತು. ನನಗೆ ಅಳು ಬಂತು. ಅವರತ್ತ ನೋಡಿದರೆ ಕೈಯಲ್ಲಿ ರಕ್ತ ಸುರಿಯುತ್ತಿದೆ, ಅವರು ನಗುತ್ತಿದ್ದಾರೆ.

“ಕಚ್ತಲ್ಲೇ! ನೋಡ್ದ್ಯಾ? ಖರೇ ಮೀನು ಅಂದ್ಕಂಡೇ ಕಚ್ತು!”

ಗಾಣದ ದಿನದಿಂದ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಅಂದೇ ಸಂಜೆ ಮತ್ತೊಂದು ತುಂಡು ಪಾದಗಳ ನಡುವೆ ಬಂತು. ದಾರವನ್ನು ದಪ್ಪ ಮಾಡಿದರು, ಎಡಗೈಗೆ ಬಟ್ಟೆ ಸುತ್ತಿಕೊಂಡರು, ಬೇರುಗಳಿಂದ ದೂರ ದೋಣಿ ನಡೆಸಲು ನಾನು ಕಲಿತೆ. ತಿಂಗಳೊಳಗೆ ಒಂದು ಚೊಣಕ ಸಿಕ್ಕಿತು, ನನ್ನ ತೋಳಿನಷ್ಟು ಉದ್ದ. ಅತ್ತೆ ಅದರ ತಲೆಯನ್ನು ಮಗನಿಗೆ ಬಡಿಸಲು ಹೋದಾಗ ಅವರು ತಾಟನ್ನು ನನ್ನ ಕಡೆ ಸರಿಸಿದರು. ಬೇಡವೆಂದೆ. ಆ ತಲೆ ಕಡೆಗೆ ಅತ್ತೆಯ ಪಾಲಿಗೇ ಬಂತು.

ಆಮೇಲೆ ಮೂರು ನಾಲ್ಕು ವರ್ಷ ನಾವು ಅಂಥ ಮೀನುಗಳನ್ನು ಮಾಡಿದೆವು. ಕೇರಿಯ ಕೆಲವರು ಕೇಳಿ ಒಯ್ದರು. ಮಳೆಯ ಕೆಂಪು ನೀರಿಗೆ ಹಳದಿ ಬೆನ್ನು, ತಿಳಿನೀರಿಗೆ ಬೂದು ಬೆನ್ನು ಎಂಬುದು ಎಳೆದೆಳೆದು ತಿಳಿಯಿತು. ಒಮ್ಮೆ ಹೊತ್ತಿಲ್ಲದೆ ಹುರುಪೆ ಬರೆಯದೇ ಕೊಟ್ಟೆ. ಅದಕ್ಕೂ ಮೀನು ಅಷ್ಟೇ ಕಚ್ಚಿತು. “ಹುರುಪೆ ಬೇಡಾಗಿತ್ತು ಕಾಣ್ತದೆ,” ಅಂದರು ಅವರು. ಇರಬಹುದು. ನಾನು ಮಾತ್ರ ಮುಂದಿನವಕ್ಕೆಲ್ಲ ಹುರುಪೆ ಬರೆದೇ ಕೊಟ್ಟೆ.