ಬೇಡ ಅಂದ ಮೇಲೆ ಬಂದ ಬನ್ನಿ

ಹದಿಹರೆಯದವರಿಗೆಂದು ನಾನು ಬರೆದ ಕತೆಯಲ್ಲಿ ಯಾರೂ ಬಾವಿಗೆ ಬೀಳುವುದಿಲ್ಲ, ವಿಷ ಕುಡಿಯುವುದಿಲ್ಲ, ಓಡಿಹೋಗುವುದೂ ಇಲ್ಲ. ಅದೇ ಅದರ ದೋಷವೆಂದು ನಮ್ಮ ಹೈಸ್ಕೂಲಿನ ವಾರ್ಷಿಕ ಸಂಚಿಕೆ ನೋಡಿಕೊಳ್ಳುವ ಹಿರಿಯ ಮಾಸ್ತರರು ತೀರ್ಮಾನಿಸಿದರು. ಕತೆ ಇಷ್ಟೇ. ದುಂಡಸಿಯಿಂದ ಶಿಗ್ಗಾಂವಿಗೆ ಒಂದೇ ಬಸ್ಸಿನಲ್ಲಿ ಓಡಾಡುವ ಹುಡುಗ, ಹುಡುಗಿ. ಆಕೆ ತನಗೆ ಇಷ್ಟವೆಂದು ಅವನು ಹೇಳುತ್ತಾನೆ, ಆಕೆ ಬೇಡ ಅನ್ನುತ್ತಾಳೆ. ಕೆಲವು ದಿನ ಇಬ್ಬರೂ ಮುಖ ತಿರುಗಿಸಿಕೊಂಡು ಕೂರುತ್ತಾರೆ. ದಸರೆಯ ದಿನ ಅವನು ಆಕೆಯ ಮನೆಗೆ ಬಂದು, ಹಳೆಯ ಮುನಿಸು ಮರೆಯಲೆಂದು ಎಲ್ಲರಿಗೂ ಕೊಡುವಂತೆ ಆಕೆಗೂ ಬನ್ನಿ ಎಲೆ ಕೊಡುತ್ತಾನೆ. ಮರುದಿನದಿಂದ ಮತ್ತೆ ಮಾತು ಶುರುವಾಗುತ್ತದೆ.

"ಹಿಂಗ ಎಲ್ಲೆರ ಆಗತೈತೇನ್ರಿ ಮೇಡಂ?" ಅಂದರು ಮಾಸ್ತರರು. "ಕಡೀಕ ಆಕಿ ಕೈಲೆ ಅವಗ ಒಂದು ರಾಖಿ ಕಟ್ಟಿಸಿಬಿಡ್ರಿ. ಕತಿನೂ ಚಂದ ಆಕೈತಿ, ಮಂದಿ ಬಾಯಿನೂ ಮುಚ್ಚತೈತಿ."

ನನಗೆ ಸಿಟ್ಟು ನೆತ್ತಿಗೇರಿತು. ರಾಖಿಯ ಮೇಲೆ ನನಗೇನೂ ಹಗೆಯಿಲ್ಲ, ನನ್ನಣ್ಣನಿಗೆ ವರ್ಷವೂ ಕಟ್ಟುತ್ತೇನೆ. ಆದರೆ ಗೆಳೆಯನನ್ನು ಗೆಳೆಯ ಅನ್ನಲು ಹೆದರಿ ಅಣ್ಣನನ್ನಾಗಿ ಮಾಡುವುದು ಶುದ್ಧ ಹೇಡಿತನ. ಅದೂ ಅಲ್ಲದೆ, ಎಲ್ಲೂ ಆಗುವುದಿಲ್ಲ ಎಂದು ಅವರು ಅಂದ ಸಂಗತಿ ಹಿಂದೊಮ್ಮೆ ನನ್ನ ಮನೆಯ ಕಟ್ಟೆಯ ಮೇಲೇ ನಡೆದಿತ್ತು.

ಆಗ ನಾವು ಸವಣೂರಿನಲ್ಲಿದ್ದೆವು, ನನಗೆ ಹದಿನಾರು. ಟ್ಯೂಷನ್ನಿನಲ್ಲಿ ನನ್ನ ಜೊತೆ ಗಣಿತ ಮಾಡುತ್ತಿದ್ದ ಹುಡುಗನೊಬ್ಬ, ವೀಳ್ಯದೆಲೆ ತೋಟದವರ ಮಗ, ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಕೊಟ್ಟ. "ನನಗ ಹಂಗ ಅನಸೂದಿಲ್ಲ" ಎಂದು ನೇರವಾಗಿಯೇ ಹೇಳಿದೆ. ಹೇಳಿ, ಮನೆಗೆ ಬಂದು ಅತ್ತುಬಿಟ್ಟೆ. ಅವನಷ್ಟು ನನ್ನನ್ನು ನಗಿಸುವವರು ಬೇರೆ ಯಾರೂ ಇರಲಿಲ್ಲ.

ಬನ್ನಿಯ ಸಂಜೆ ಅವನು ನಮ್ಮ ಮನೆಗೆ ಬಂದ. ಅಪ್ಪನಿಗೆ ಕೊಟ್ಟು ಕಾಲು ಮುಟ್ಟಿದ, ಅವ್ವನಿಗೆ ಕೊಟ್ಟ. ಕಡೆಗೆ ನನ್ನ ಕೈಗೂ ನಾಲ್ಕು ಎಲೆ ಹಾಕಿ, ನೆಲ ನೋಡುತ್ತ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದ. ಎದುರುಮನೆಯ ಮುದುಕಿ ಕತ್ತು ಚಾಚಿ ನೋಡುತ್ತಿದ್ದಳು. ಅಪ್ಪ ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿದ. ಏನೋ ನಡೆದಿದೆಯೆಂದು ಅವನಿಗೆ ಗೊತ್ತಾಗಿರಲೇಬೇಕು.

"ಹೊರಗ್ಯಾಕ ನಿಂತೀಪಾ? ಒಳಗ ಬಾ, ಖಾರ-ಚುರುಮರಿ ತಿಂದು ಹೋಗು" ಅಂದ.

ಮುಂದಿನ ವಾರ ಮತ್ತೆ ಇಬ್ಬರೂ ಕೂತು ಲೆಕ್ಕ ಬಿಡಿಸಿದೆವು. ಅವನು ಮತ್ತೆಂದೂ ಆ ಮಾತು ಎತ್ತಲಿಲ್ಲ.

ಇದನ್ನೆಲ್ಲ ಮಾಸ್ತರರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮಪ್ಪಾರು ದೊಡ್ಡ ಮನಸಿನವರ್ರಿ. ಆದ್ರ ನಮ್ಮ ಮನ್ಯಾಗೂ ಹರೇಕ ಬಂದ ಮಗಳು ಒಬ್ಬಾಕಿ ಅದಾಳ."

"ಹಂಗಾರ ಮೊದಲ ಆಕಿಗೇ ಓದಾಕ ಕೊಡ್ರಿ."

ಕೊಡಲಿಲ್ಲ. ರಾಖಿ ಇಲ್ಲದಿದ್ದರೆ ಅಚ್ಚೂ ಇಲ್ಲ ಅಂದರು. ಕತೆಯನ್ನು ವಾಪಸು ತಗೊಂಡು, ಮರುದಿನ ಹತ್ತನೆಯ ತರಗತಿಯಲ್ಲಿ ನಾನೇ ಓದಿದೆ. ಯಾಕೆ ಓದಿದೆ ಎಂದು ಯಾರು ಬಂದು ಕೇಳುತ್ತಾರೋ ಕೇಳಲಿ ಎಂಬ ಹಟ ನನ್ನದು. ಹುಡುಗ ತನ್ನ ಇಷ್ಟ ಹೇಳಿಕೊಂಡಾಗ ತರಗತಿ ಕಿಸಕ್ಕನೆ ನಕ್ಕಿತು. ಹುಡುಗಿ ಬೇಡ ಅಂದಾಗ ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗಿದರು.

ಮುಗಿದ ಮೇಲೆ, ವರ್ಷವಿಡೀ ಬಾಯಿಬಿಡದ ಒಬ್ಬ ಹುಡುಗಿ ಎದ್ದು ನಿಂತಳು.

"ಬ್ಯಾಡ ಅಂದದ್ದಕ್ಕ ಅವ ಆಕಿಗೆ ಏನೂ ಮಾಡಲಿಲ್ಲೇನ್ರಿ ಟೀಚರ್?"

"ಬ್ಯಾಸರ ಮಾಡ್ಕೊಂಡ. ಮತ್ತೇನೂ ಮಾಡಲಿಲ್ಲ."

"ಹಂಗೂ ಇರತಾರೇನ್ರಿ?"

"ಇರತಾರವಾ. ನಾ ನೋಡೇನಿ."

ಅವಳು ನೋಟ್‌ಬುಕ್ ತೆರೆದು ಪೆನ್ನು ಹಿಡಿದಳು. "ಹಂಗಾರ ಆಕಿ ಹೆಂಗ ಬ್ಯಾಡ ಅಂದ್ಲು, ಅದಷ್ಟ ಇನ್ನೊಮ್ಮೆ ಓದ್ರಿ ಟೀಚರ್" ಅಂದಳು.

ಓದಿದೆ. ಅವಳು ಅದನ್ನು ಬರೆದುಕೊಂಡಳು.