ಮಂಗಳವಾರದ ಗುಳಿಗೆ

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರ ಹುಬ್ಬು, ರೆಪ್ಪೆ, ಕನ್ನಡಕದ ಗಾಜು ಎಲ್ಲದರ ಮೇಲೂ ಜೋಳದ ಹಿಟ್ಟು ಕೂತಿತ್ತು. ಬೈಲಹೊಂಗಲದ ನಮ್ಮ ಹಿಟ್ಟಿನ ಗಿರಣಿಯೊಳಗೆ ಒಂದು ತುಂಬಿದ ಚೀಲದ ಮೇಲೆ ಕೂತು ನನ್ನ ಅಣ್ಣನ ಜೊತೆ ಮಾತಾಡುತ್ತಿದ್ದರು. ಮಾತೇನು ಬಂತು, ಕೂಗಾಟ. ಗಿರಣಿ ಓಡುವಾಗ ಪಕ್ಕದಲ್ಲಿದ್ದವರ ಮಾತೂ ಕೇಳದು, ಹಾಗಾಗಿ ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಒದರುತ್ತಿದ್ದರು. ಬೀಸಲಿಕ್ಕೆ ಬಂದ ಯಾರೋ ಗಿರಾಕಿ ಇರಬೇಕು, ಅಣ್ಣನ ಜೊತೆ ಸುಮ್ಮನೆ ತಂಟೆ ತೆಗೆದಿದ್ದಾರೆ ಅಂದುಕೊಂಡು ನಾನು ಜಗಳಕ್ಕೇ ಹೋಗಿದ್ದೆ. ಅವ್ವ ನನ್ನ ಸೆರಗು ಹಿಡಿದು ಜಗ್ಗಿ, ಮಿದುಳಿನ ಡಾಕ್ಟರು ಅವರು, ಬಾಯಿ ಮುಚ್ಚು ಅಂದಳು.

ಅವರು ಸಂಪಗಾಂವದ ಒಕ್ಕಲುತನದ ಮನೆಯ ಮಗಳು. ದೊಡ್ಡ ಊರಿನಲ್ಲಿ ಓದಿ, ಅಲ್ಲೇ ಒಂದು ಪ್ರಯೋಗಾಲಯದಲ್ಲಿ ಮಿದುಳಿನ ಮೇಲೆ ಸಂಶೋಧನೆ ಮಾಡುತ್ತಿದ್ದರು. ತಿಂಗಳಿಗೊಮ್ಮೆ ನಮ್ಮ ಕಡೆ ಬಂದು ಮನೆ ಮನೆ ತಿರುಗುತ್ತಿದ್ದರು. ನಮ್ಮಲ್ಲಿ ಸಾಲಿಯಲ್ಲಿ ಪಾಠ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಅನ್ನುವುದು ರೂಢಿ. ಅವರ ಕೈಯಲ್ಲಿ ಯಾವಾಗಲೂ ಪೆನ್ನು, ಪುಸ್ತಕ ನೋಡಿ ಅವ್ವ ಅಕ್ಕಾರು ಅಂದಳು. ಅದೇ ನಿಂತಿತು.

ಅಣ್ಣನ ಸಂಗತಿ ಹೇಳಿಬಿಡುತ್ತೇನೆ. ಕಾಲೇಜಿನ ಎರಡನೇ ವರ್ಷದಲ್ಲಿ ಅವನಿಗೆ ಯಾರೂ ಇಲ್ಲದ ಕಡೆ ಧ್ವನಿ ಕೇಳಲಿಕ್ಕೆ ಶುರುವಾಯಿತು. ಬೈಯುವ ಧ್ವನಿ, ಹೆದರಿಸುವ ಧ್ವನಿ. ಡಾಕ್ಟರು ಸ್ಕಿಜೋಫ್ರೇನಿಯಾ ಅಂತ ಬರೆದರು. ಆ ಹೆಸರು ನಮ್ಮಪ್ಪನ ಬಾಯಲ್ಲಿ ಇವತ್ತಿಗೂ ಹೊರಳುವುದಿಲ್ಲ. ಗಿರಣಿಯ ಸದ್ದಿನಲ್ಲಿ ಮಾತ್ರ ಆ ಧ್ವನಿಗಳು ಮುಳುಗುತ್ತಿದ್ದವು. ಅದಕ್ಕೇ ಅಣ್ಣ ಮುಂಜಾನೆಯಿಂದ ಸಂಜೆ ತನಕ ಅಲ್ಲೇ ಇರುತ್ತಿದ್ದ. ಕರೆಂಟು ಹೋಗಿ ಗಿರಣಿ ನಿಂತರೆ ಮುಗಿಯಿತು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ರಸ್ತೆಗೆ ಓಡುತ್ತಿದ್ದ, ಅಪ್ಪ ಹಿಂದೆ ಓಡುತ್ತಿದ್ದ. ನಮ್ಮ ಊರಿನ ಕರೆಂಟಿನ ಸಂಗತಿ ನಿಮಗೆ ಗೊತ್ತೇ ಇದೆ.

ಅಕ್ಕಾರ ಸಂಶೋಧನೆ ಕೇಳಲಿಕ್ಕೆ ಸರಳ. ಒಂದೇ ಕಾಯಿಲೆ, ಒಂದೇ ಗುಳಿಗೆ. ಒಬ್ಬರು ಕೆಲವು ವಾರಗಳಲ್ಲಿ ಚೇತರಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ, ಇನ್ನೊಬ್ಬರಿಗೆ ವರ್ಷ ಕಳೆದರೂ ಏನೂ ಆಗುವುದಿಲ್ಲ. ಯಾಕೆ? ಔಷಧಕ್ಕೆ ಬಗ್ಗದವರ ಮಿದುಳು ಬೇರೆ ರೀತಿ ಕೆಲಸ ಮಾಡುತ್ತದೆಯೇ? ನಾವು ಮನಸ್ಸಿನಲ್ಲಿ ಆಡಿಕೊಳ್ಳುವ ಮಾತು ನಮ್ಮದೇ ಅಂತ ಮಿದುಳು ಗುರುತು ಹಿಡಿಯುತ್ತದಂತೆ. ಈ ಕಾಯಿಲೆಯಲ್ಲಿ ಆ ಗುರುತು ತಪ್ಪುತ್ತದೆ, ತನ್ನ ಮಾತೇ ಬೇರೆಯವರು ಆಡಿದ ಹಾಗೆ ಕೇಳುತ್ತದೆ ಅಂತ ಅವರು ನನಗೆ ತಿಳಿಸಿ ಹೇಳಿದರು. ಅದನ್ನು ಅಳೆಯಲಿಕ್ಕೆ ತಲೆಗೆ ತಂತಿಗಳ ಟೊಪ್ಪಿಗೆ ಹಾಕುತ್ತಿದ್ದರು. ಅಣ್ಣನಿಗೆ ಹಾಕಿದ ದಿನ ಅವನು ಕನ್ನಡಿ ನೋಡಿಕೊಂಡು, "ಬಾಸಿಂಗ ಅಂತೂ ಕಟ್ಟಿದ್ರಿ ಅಕ್ಕಾರ, ಕನ್ಯಾ ಎಲ್ಲ್ಯದಾಳ?" ಅಂದ. ಅಕ್ಕಾರು ಬಿದ್ದು ಬಿದ್ದು ನಕ್ಕರು. ಅವನು ತಮಾಷೆ ಮಾಡಿ ಎಷ್ಟೋ ವರ್ಷವಾಗಿತ್ತು. ಅವ್ವ ಒಳಗೆ ಹೋಗಿ ಅತ್ತಳು.

ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅವರು ಬರೆದುಕೊಳ್ಳುವ ಕೆಲಸಕ್ಕೆ ಕರೆದರು. ನನಗೆ ಬಾಯಿ ಜೋರು, ಅವರಿಗೆ ಅದೇ ಬೇಕಾಗಿತ್ತಂತೆ. ರಕ್ತದ ನಳಿಗೆಗಳನ್ನು ಬರ್ಫದ ಡಬ್ಬಿಯಲ್ಲಿ ಇಟ್ಟುಕೊಂಡು ಸವದತ್ತಿ, ರಾಮದುರ್ಗ, ಕಿತ್ತೂರು ಅಂತ ಬಸ್ಸಿನಲ್ಲಿ ತಿರುಗಿದೆವು. ಒಮ್ಮೆ ಕಂಡಕ್ಟರು ಡಬ್ಬಿಯೊಳಗೆ ಮೀನು ಇದೆಯೇನು ಅಂತ ಕೇಳಿದ. ಅಕ್ಕಾರು ಶಾಂತವಾಗಿ, ಇಲ್ಲಪ್ಪಾ, ಮನುಷ್ಯರ ರಕ್ತ ಅಂದರು. ರಾಮದುರ್ಗದ ತನಕ ನಮ್ಮ ಸೀಟಿನ ಹತ್ತಿರ ಒಬ್ಬರೂ ಸುಳಿಯಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಆರಾಮಾಗಿ ಕಾಲು ಚಾಚಿ ಬಸ್ಸಿನಲ್ಲಿ ಹೋದದ್ದು ಅದೊಂದೇ ಸಲ.

ಅಣ್ಣನಿಗೆ ಮಾತ್ರ ಗುಣ ಕಾಣಲಿಲ್ಲ. ಅವ್ವನನ್ನು ಯಾವಾಗ ಕೇಳಿದರೂ ಗುಳಿಗೆ ತಪ್ಪದೆ ಕೊಡುತ್ತೇನೆ ಅನ್ನುತ್ತಿದ್ದಳು. ಅವಳು ಸುಳ್ಳು ಹೇಳುವ ಹೆಣ್ಣಲ್ಲ. ಹೀಗಾಗಿ ಅಕ್ಕಾರ ಪಟ್ಟಿಯಲ್ಲಿ ಅವನ ಹೆಸರು ಔಷಧಕ್ಕೆ ಬಗ್ಗದವರ ಕಡೆ ಸೇರಿತು. ಅಪ್ಪನ ಕೈಸೋತಿತ್ತು. ಒಂದು ಸಲ ಅಣ್ಣ ಓಡಿದಾಗ ಲಾರಿಯೊಂದು ಕೂದಲೆಳೆಯಲ್ಲಿ ತಪ್ಪಿತ್ತು. ದೂರದ ಊರಿನ ಒಂದು ಆಶ್ರಮದಲ್ಲಿ ಇಂಥವರನ್ನು ಕಾಯಂ ಇಟ್ಟುಕೊಳ್ಳುತ್ತಾರೆಂದು ಯಾರೋ ಹೇಳಿದ್ದರು. ಅಲ್ಲಿ ಸೇರಿಸಲಿಕ್ಕೆ ಗುಳಿಗೆಯಿಂದ ಗುಣವಾಗುವುದಿಲ್ಲ ಅಂತ ಡಾಕ್ಟರ ಪತ್ರ ಬೇಕಾಗಿತ್ತು. ಅಪ್ಪ ಅಕ್ಕಾರ ಮುಂದೆ ಕೈಮುಗಿದು ಆ ಪತ್ರ ಕೇಳಿದ. ನಾನು ಗೋಡೆ ಕಡೆ ಮುಖ ಮಾಡಿ ನಿಂತಿದ್ದೆ. ಪತ್ರ ಬಂದರೆ ಅಣ್ಣ ಹೋದ ಹಾಗೆಯೇ, ಮತ್ತೆ ಮನೆಗೆ ಬರುವುದಿಲ್ಲ ಅಂತ ನಮಗೆಲ್ಲರಿಗೂ ಗೊತ್ತಿತ್ತು.

ಅಕ್ಕಾರು ಹೂಂ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅಂಥ ಪತ್ರ ಬರೆಯುವ ಮೊದಲು ನಿಮ್ಮ ಮನೆಯಲ್ಲಿ ಒಂದು ದಿನ ಇರುತ್ತೇನೆ ಅಂದರು. ಸೋಮವಾರ ಸಂಜೆ ಬಂದರು. ಅವ್ವನ ಜೊತೆ ಕೂತು ರೊಟ್ಟಿ ಬಡಿದರು, ಒಂದೂ ದುಂಡಗೆ ಬರಲಿಲ್ಲ. ಸಣ್ಣವರಿದ್ದಾಗ ಕುಡುಗೋಲು ತಾಗಿ ಅವರ ಹೆಬ್ಬೆರಳಿನ ಉಗುರು ಎರಡಾಗಿ ಸೀಳಿತ್ತು. ರೊಟ್ಟಿ ಕೆಟ್ಟದ್ದರ ತಪ್ಪನ್ನೆಲ್ಲ ಆ ಉಗುರಿನ ಮೇಲೆ ಹಾಕಿದರು. ಮರುದಿನ ಮುಂಜಾನೆ ಎಲ್ಲರಿಗೂ ಉಪ್ಪಿಟ್ಟು. ಅಣ್ಣನಿಗೆ ಮಾತ್ರ ಒಂದು ಲೋಟ ಹಾಲು, ಎರಡು ಬಾಳೆಹಣ್ಣು. ಅವನು ಕುಡಿದು, ತಿಂದು ಗಿರಣಿಗೆ ಹೋದ. ಅಕ್ಕಾರ ಕೈಯಲ್ಲಿ ಚಮಚ ಹಾಗೇ ನಿಂತಿತು. ಗುಳಿಗೆ ಯಾವಾಗ ಅಂತ ಕೇಳಿದರು.

"ಇವತ್ತ ಮಂಗಳವಾರ ಅಲ್ರೀ ಅಕ್ಕಾರ" ಅಂದಳು ಅವ್ವ. "ಅವನ ಸಲುವಾಗಿ ಎಲ್ಲಮ್ಮಗ ಹರಕಿ ಹೊತ್ತೀನಿ. ಮಂಗಳವಾರ, ಶುಕ್ರವಾರ ಅವಗ ಊಟ ಇಲ್ಲ. ಊಟ ಆದಮ್ಯಾಲೆ ಗುಳಿಗಿ ಕೊಡ್ರಿ ಅಂತ ಚೀಟ್ಯಾಗ ಬರದದ. ಊಟಾನ ಮಾಡದಾಂವಗ ಹ್ಯಾಂಗ ಕೊಡ್ಲಿ?"

ನಾನು ಪ್ರತಿ ತಿಂಗಳು ನನ್ನ ಕೈಯಾರೆ 'ದಿನಾಲೂ ತಪ್ಪದೆ' ಅಂತ ಬರೆದುಕೊಂಡಿದ್ದೆ. ನನ್ನದೇ ಮನೆ, ನನ್ನದೇ ಅವ್ವ! ವಾರಕ್ಕೆ ಎರಡು ದಿನ, ಮೇಲೆ ಹುಣ್ಣಿಮೆ, ಅಮಾವಾಸ್ಯೆ. ಡಾಕ್ಟರ ಮಾತು ಅಕ್ಷರಶಃ ಪಾಲಿಸಿಯೇ ಅವ್ವ ಗುಳಿಗೆ ತಪ್ಪಿಸಿದ್ದಳು. ನನಗೆ ಸಿಟ್ಟು ನೆತ್ತಿಗೇರಿ ಅವ್ವನ ಮೇಲೆ ಹರಿಹಾಯಲಿಕ್ಕೆ ಬಾಯಿ ತೆರೆದೆ. ಅಕ್ಕಾರು ಕೈ ಅಡ್ಡ ಹಿಡಿದರು.

"ನಾನೂ ಸಂಪಗಾಂವದಾಕಿ" ಅಂದರು. "ನಮ್ಮವ್ವನೂ ಮಂಗಳವಾರ ಹಿಡೀತಿದ್ಲು. ನನಗ ಹೊಳಿಲಿಲ್ಲ ನೋಡು. ಬ್ಯಾರೇದವ್ರಿಗೆ ಹೊಳೀದಿದ್ರ ನಡೀತಿತ್ತು, ನನಗ ಹೊಳೀಬೇಕಾಗಿತ್ತು."

ಆಮೇಲೆ ಅವ್ವನ ಕೈ ಹಿಡಿದು, ಉಪವಾಸ ಬಿಡಿಸಬೇಡಿ, ಹಾಲು ಬಾಳೆಹಣ್ಣು ಹೊಟ್ಟೆಗೆ ಹೋದರೆ ಗುಳಿಗೆಯ ಮಟ್ಟಿಗೆ ಅದೇ ಊಟ ಅಂತ ಹೇಳಿದರು. ಅವ್ವ, ದೇವಿ ಇದಕ್ಕೆ ಸಿಟ್ಟಾಗುವುದಿಲ್ಲ ಅಂತ ತಾನೇ ತೀರ್ಮಾನ ಮಾಡಿ, ಗಿರಣಿಗೆ ಹೋಗಿ ಅಣ್ಣನ ಬಾಯಿಗೆ ಗುಳಿಗೆ ಹಾಕಿ ಬಂದಳು. ಅಪ್ಪನ ಹತ್ತಿರ ಅಕ್ಕಾರು ಮೂರು ತಿಂಗಳ ಅವಧಿ ಕೇಳಿದರು. ಅಷ್ಟರಲ್ಲಿ ಗುಣ ಕಾಣದಿದ್ದರೆ ಪತ್ರ ಕೊಡುತ್ತೇನೆ, ಮಾತು ತಪ್ಪುವುದಿಲ್ಲ ಅಂದರು.

ಅವರ ದೊಡ್ಡತನ ನಾನು ನೋಡಿದ್ದು ಅದಾದ ಮೇಲೆ. ಹಲವು ವರ್ಷಗಳ ದುಡಿಮೆ ಒಂದು ಪ್ರಬಂಧವಾಗಿ ಅಚ್ಚಿಗೆ ಹೋಗಲಿಕ್ಕೆ ತಯಾರಿತ್ತು. ಅದನ್ನು ನಿಲ್ಲಿಸಿದರು. ಔಷಧಕ್ಕೆ ಬಗ್ಗದವರು ಅಂತ ಬರೆದುಕೊಂಡ ಪ್ರತಿ ಮನೆಗೂ ಮತ್ತೆ ಹೋಗಿ, ಉಪವಾಸದ ದಿನ ಗುಳಿಗೆ ಏನು ಮಾಡುತ್ತೀರಿ ಅಂತ ಕೇಳಿದೆವು. ಸವದತ್ತಿಯಲ್ಲಿ ನಮ್ಮ ಮನೆಯದೇ ಕಥೆ. ರಾಮದುರ್ಗದ ನೇಕಾರರ ಒಂದು ಮನೆಯಲ್ಲಿ ರಂಜಾನ್ ತಿಂಗಳಿಡೀ ಹಗಲಿನ ಗುಳಿಗೆ ಬಂದ್. ಇಂಥ ಒಂದೊಂದು ಮನೆಯಿಂದ ಹೊರಗೆ ಬಂದಾಗಲೂ ಅವರು ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದರು. ಅವರ ಮೇಲಿನವರು ಫೋನಿನಲ್ಲಿ, ನಾಲ್ಕು ದಿನದ ಉಪವಾಸಕ್ಕೆ ಇಷ್ಟು ವರ್ಷದ ಕೆಲಸ ಹಾಳು ಮಾಡಿಕೊಳ್ಳುತ್ತೀರಾ ಅಂತ ರೇಗುವುದು ನನಗೂ ಕೇಳುತ್ತಿತ್ತು. ಅಕ್ಕಾರು ಫೋನು ಇಟ್ಟು ನನ್ನ ಕಡೆ ತಿರುಗಿ, "ಹೆಸರು ಕಡಿಮಿ ಆದ್ರ ಆಗ್ಲಿ, ಖರೇ ಇರ್ಲಿ" ಅಂದರು.

ಗೆರೆ ಬೀಳದೆ ಖರೇ ಉಳಿದವರೂ ಇದ್ದರು. ಉಗರಗೋಳದಲ್ಲಿ ಒಬ್ಬ ಹೆಣ್ಣುಮಗಳು, ಒಂದು ದಿನವೂ ಗುಳಿಗೆ ತಪ್ಪಿಸಿದವಳಲ್ಲ, ಆದರೂ ಧ್ವನಿಗಳು ಬಿಟ್ಟಿರಲಿಲ್ಲ. ಅವಳ ಮನೆಯ ಕಟ್ಟೆಯ ಮೇಲೆ ಕೂತು ಅಕ್ಕಾರು, ನಾನು ಓದಿದ್ದು ಇಂಥವರ ಸಲುವಾಗಿ ಅಂದರು. ಅವಳಿಗೆ ಬೇರೆ ಔಷಧ ಶುರುವಾಯಿತು. ಅದಕ್ಕೆ ವಾರವಾರ ರಕ್ತ ಪರೀಕ್ಷೆ ಬೇಕು. ಆ ಬರ್ಫದ ಡಬ್ಬಿ ಹೊರುವ ಕೆಲಸ ನನ್ನದು, ಇವತ್ತಿಗೂ ನನ್ನದೇ.

ಮೂರು ತಿಂಗಳು ತುಂಬಿದ ದಿನ ಅಕ್ಕಾರು ಗಿರಣಿಗೆ ಬಂದರು. ಅದೇ ಚೀಲದ ಮೇಲೆ ಕೂತರು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಜೋಳ ಅರ್ಧ ಬೀಸಿ ಆಗಿತ್ತು, ಕರೆಂಟು ಹೋಯಿತು. ಗಿರಣಿ ತಿರುಗಿಸುವ ಪಟ್ಟಾ ನಿಧಾನವಾಗಿ ನಿಂತಿತು. ಓಣಿಯಲ್ಲಿ ಆಡಿನ ಕೂಗು ಕೇಳುವಷ್ಟು ಸುಮ್ಮನಾಯಿತು. ಅಪ್ಪ ಆಗಲೇ ರಸ್ತೆ ಕಡೆಯ ಬಾಗಿಲಿಗೆ ಕೈ ಅಡ್ಡ ಹಾಕಿದ್ದ. ಅಣ್ಣ ಹಿಟ್ಟು ಬೀಳುವ ಡಬ್ಬಿಯ ಬಾಯಿಯಿಂದ ಕೈ ತೆಗೆದು, ಟಾವೆಲ್ಲಿಗೆ ಹಿಟ್ಟು ಒರೆಸಿಕೊಂಡು, ನನ್ನ ಕಡೆ ನೋಡಿ, "ಕರೆಂಟ್ ಹೋತು. ಅಕ್ಕಾರಿಗೆ ಚಾ ಇಡು" ಅಂದ.

ನಾನು ಚಹಾ ಇಡಲಿಲ್ಲ, ನಿಂತಲ್ಲೇ ಅಳುತ್ತಿದ್ದೆ. ಧ್ವನಿ ಕೇಳುತ್ತವೆಯೇ ಅಂತ ಅಕ್ಕಾರು ಅವನನ್ನೇ ಕೇಳಿದರು. ಅಣ್ಣ, "ಅದಾವ್ರೀ. ಓಣ್ಯಾಗ ಯಾರೋ ಮಾತಾಡ್ಕೋತ ಹೋದಂಗ. ಮನಿಯೊಳಗ ಬರೂದಿಲ್ಲ" ಅಂದ.

ಅಕ್ಕಾರು ಬ್ಯಾಗಿನಿಂದ ಕಾಗದ ತೆಗೆದು ಅಲ್ಲೇ ಮೊಣಕಾಲಿನ ಮೇಲಿಟ್ಟುಕೊಂಡು ಬರೆದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಕೇಳಿದ ಪತ್ರ ಅಲ್ಲ ಅದು. 'ಔಷಧ ಕೆಲಸ ಮಾಡುತ್ತಿದೆ. ಇಷ್ಟು ದಿನ ಮಾಡಲಿಲ್ಲ ಅಂತ ನಾನು ಬರೆದದ್ದು ತಪ್ಪು. ಸರಿಯಾಗಿ ಕೇಳದೆ ಬರೆದಿದ್ದೆ.' ಕೆಳಗೆ ಅವರ ಸಹಿ, ಅವರ ಅಷ್ಟೂ ಡಿಗ್ರಿಗಳು.

ಆ ಪ್ರಬಂಧ ಕಡಿಮೆ ಹೆಸರುಗಳ ಜೊತೆ, ತಡವಾಗಿ ಅಚ್ಚಾಯಿತು. ಈಗ ಅವರ ಪ್ರಶ್ನೆಗಳ ಹಾಳೆಯಲ್ಲಿ ಮೊದಲನೆಯ ಪ್ರಶ್ನೆ ಉಪವಾಸದ ದಿನದ್ದೇ. ಬೇರೆ ಬೇರೆ ಊರುಗಳಲ್ಲಿ ಅವರ ಕೈಕೆಳಗೆ ಕಲಿತವರೂ ಅದನ್ನೇ ಮೊದಲು ಕೇಳುತ್ತಾರೆ. ಅದು ತನ್ನ ಪ್ರಶ್ನೆ ಅಂತ ಅವ್ವ ಓಣಿ ತುಂಬ ಹೇಳಿಕೊಂಡು ತಿರುಗುತ್ತಾಳೆ. ಹೇಳಲಿ ಬಿಡಿ, ನಾನೂ ಒಂದು ಮಾತು ಹೇಳುತ್ತೇನೆ. ನಾನು ಇವತ್ತು ಒಂದು ಮನೆಯ ಅಡುಗೆಕೋಣೆಯಲ್ಲಿ ಕೂತು ಉತ್ತರಕ್ಕೆ ಕಾಯುತ್ತೇನೆಂದರೆ, ಕಾಯುವುದನ್ನು ಕಲಿಸಿದವರು ಅಕ್ಕಾರು. ನನ್ನ ಅಣ್ಣನನ್ನು ನನಗೆ ಉಳಿಸಿಕೊಟ್ಟವರೂ ಅವರೇ. ಈ ಋಣ ತೀರುವಂಥದ್ದಲ್ಲ.

ಪತ್ರಕ್ಕೆ ಅಪ್ಪ ಕಟ್ಟು ಹಾಕಿಸಿ ಗಿರಣಿಯಲ್ಲಿ ದೇವರ ಫೋಟೋಗಳ ಪಕ್ಕ ತೂಗುಹಾಕಿದ್ದಾನೆ. ದಿನಾ ಹಿಟ್ಟು ಕೂಡುತ್ತದೆ, ಅಣ್ಣ ದಿನಾ ಒರೆಸುತ್ತಾನೆ. ಮೊನ್ನೆ ಹೊಸ ಗಿರಾಕಿಯೊಬ್ಬಳು ಅದನ್ನು ನೋಡಿ, ನಿಮಗೇನೋ ದೊಡ್ಡ ಸರ್ಟಿಫಿಕೇಟ್ ಕೊಟ್ಟಿದ್ದಾರಲ್ಲ ಅಂತ ಕೇಳಿದಳು. ಅಣ್ಣ ಅವಳ ಚೀಲದ ಬಾಯಿ ಕಟ್ಟುತ್ತ ಅಂದ:

"ನಂದಲ್ರೀ ಅದು, ಅಕ್ಕಾರದು. ಅಷ್ಟ ದೊಡ್ಡವ್ರು ತಪ್ಪಾತು ಅಂತ ಬರಕೊಟ್ಟಾರ. ಓದಿ ನೋಡ್ರಿ."